ಹೂಂ ಅನ್ನುತ್ತಿದ್ದ ಮಾಮಿ

ಕಳೆದ ವಾರ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕಿಂಡಿಯಿಂದ ಒಣಸಿಗಡಿ ಹುರಿಯುವ ವಾಸನೆ ಇಳಿದು ಬಂತು. ಕುವೈತಿನ ಫಹಾಹೀಲ್‌ನ ಈ ಹಳೆಯ ಕಟ್ಟಡಗಳಲ್ಲಿ ಮೇಲಿನ ಮನೆಯವರ ಅಡುಗೆ ಏನೆಂದು ಕೆಳಗಿನವರಿಗೆ ಗೊತ್ತು, ಕೆಳಗಿನವರದು ಮೇಲಿನವರಿಗೆ ಗೊತ್ತು. ಗಾಳಿಗೆಂದು ಕಟ್ಟಡದ ನಡುವೆ ಬಿಟ್ಟ ಸಂದು ಎಲ್ಲ ಮಹಡಿಗೂ ಒಂದೇ. ಮೇಲೆ ಈಗ ಫಿಲಿಪ್ಪೀನ್ಸ್‌ನ ಸಂಸಾರವಿದೆ. ಅವರೂ ಒಣಮೀನು ತಿನ್ನುವವರೇ, ಆದರೆ ಎಣ್ಣೆಯಲ್ಲಿ ಕರಿಯುತ್ತಾರೆ. ಇದು ಹಾಗಲ್ಲ. ಬರೀ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಚಟ್ನಿಗೆಂದು ಹುರಿದ ವಾಸನೆ... ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟು ಮೇಲೆ ನೋಡಿದೆ. ಮಾಮಿ ಡ್ಯೂಟಿ ಮುಗಿಸಿ ಬಂದರು ಅಂತ ಒಂದು ಗಳಿಗೆ ಅನಿಸಿಯೇಬಿಟ್ಟಿತು.

ಮಾಮಿ ನನಗೆ ಸಂಬಂಧದಲ್ಲಿ ಏನೂ ಅಲ್ಲ. ನಮ್ಮ ತಲೆಯ ಮೇಲಿನ ಮನೆಯವರು. ಉಡುಪಿ ಕಡೆಯವರು, ಇಲ್ಲಿನ ಸರಕಾರಿ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದರು. ನಾನು ಮದುವೆಯಾಗಿ ಕುವೈತಿಗೆ ಬಂದಾಗ ಯುದ್ಧ ಮುಗಿದು ಕೆಲವು ವರ್ಷವಾಗಿತ್ತು. ಮಾಮಿ ಯುದ್ಧಕ್ಕೂ ಮುಂಚಿನವರು. ಅವರ ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ನಾನು ಬಂದ ಮೊದಲ ವಾರವೇ ಬಾಗಿಲು ತಟ್ಟಿ, ಒಂದು ಡಬ್ಬಿ ಸಿಗಡಿ ಚಟ್ನಿ ಕೈಗಿಟ್ಟು, "ಇಲ್ಲಿಯ ನೀರಿಗೆ ಅನ್ನ ಬೇಗ ಹಳಸ್ತದೆ, ರಾತ್ರಿದು ಬೆಳಿಗ್ಗೆಗೆ ಇಡ್ಬೇಡ ಆಯ್ತಾ?" ಅಂದು ಹೋದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಆಮೇಲೆ ಶುಕ್ರವಾರ ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಿ, "ಮೇಲೆ ಬಾ, ನಾಲ್ಕು ಜನ ಕೂತು ಪ್ರಾರ್ಥನೆ ಮಾಡ್ತೇವೆ" ಅಂದರು.

ಕನ್ನಡ ಮಾತಾಡುವ ಕ್ರೈಸ್ತರ ನಮ್ಮ ಕೂಟ ಹುಟ್ಟಿದ್ದು ಹಾಗೆ, ಮಾಮಿಯ ಮನೆಯ ಹಾಲ್‌ನಲ್ಲಿ ಹಾಸಿದ ಪ್ಲಾಸ್ಟಿಕ್ ಚಾಪೆಯ ಮೇಲೆ. ಮಂಗಳೂರು, ಉಡುಪಿ ಕಡೆಯ ಎರಡು ಮೂರು ಸಂಸಾರ, ಮೀನಾ ಅಲ್ ಅಹ್ಮದಿಯ ರಿಫೈನರಿಯ ಒಬ್ಬರು ಫಿಟ್ಟರು, ಹುಬ್ಬಳ್ಳಿಯ ಒಬ್ಬರು ಅಕೌಂಟೆಂಟು, ಶುಐಬಾದ ಕಾರ್ಖಾನೆಯಲ್ಲಿದ್ದ ನಮ್ಮವರು, ನಾನು. ಎದುರು ಮನೆಯಲ್ಲಿ ಈಜಿಪ್ಟಿನವರು, ಪಕ್ಕದಲ್ಲಿ ಪಾಕಿಸ್ತಾನದವರು. ಯಾರೂ ಕೆಟ್ಟವರಲ್ಲ, ಆದರೂ ನಾವು ದನಿ ಏರಿಸುವ ಹಾಗಿರಲಿಲ್ಲ. ಹಾಡನ್ನು ಜೋಗುಳದ ಹಾಗೆ ಹಾಡುತ್ತಿದ್ದೆವು. ಚಪ್ಪಾಳೆ ಇಲ್ಲ. ಊರಲ್ಲಾದರೆ ಯಾರಾದರೂ ಮಾತಾಡಿದಾಗ ನಡುನಡುವೆ ಗಟ್ಟಿಯಾಗಿ "ಆಮೆನ್" ಅನ್ನುತ್ತಾರೆ, ಅದೂ ಇಲ್ಲ. ಅದರ ಬದಲು ನಮ್ಮಲ್ಲಿ ಮಾಮಿಯ ಹೂಂ ಇತ್ತು.

ಊರಲ್ಲಿ ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು. ಹೂಂ ನಿಂತರೆ ಅಜ್ಜಿ ಕತೆ ನಿಲ್ಲಿಸಿ, "ಮಲಗಿದ್ರಾ?" ಅಂತ ಕೇಳುತ್ತಾಳೆ. ಮಾಮಿ ಮಾಡುತ್ತಿದ್ದದ್ದು ಅಷ್ಟೇ. ಯಾರು ಮಾತಾಡಲು ಹೊರಟರೂ ಅವರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಮುಖ ನೋಡುತ್ತಾ ಹೂಂ ಅನ್ನುವುದು. ಆ ಹೂಂನಲ್ಲಿ ಎಷ್ಟೋ ಬಗೆ. 'ಮತ್ತೆ?' ಅಂತ ಕೇಳುವ ಹೂಂ. 'ಅಯ್ಯೋ ದೇವರೇ' ಅನ್ನುವ ಹೂಂ. ನಗು ತಡೆದುಕೊಂಡ ಹೂಂ. ಮಾತು ಮರೆತು ನಿಂತವರಿಗೆ ಸ್ವಲ್ಪ ಉದ್ದದ ಹೂಂ, 'ನನಗೇನೂ ಅವಸರ ಇಲ್ಲ' ಅನ್ನುವ ಹಾಗೆ.

ನಾನು ಮೊದಲ ಸಲ ಮಕ್ಕಳಿಗೆ ಬೈಬಲ್ಲಿನ ಕತೆ ಹೇಳಿದ್ದೂ ಆ ಹೂಂನ ಮುಂದೆಯೇ. "ನಂಗೆ ನಾಲ್ಕು ಜನರ ಎದುರು ಬಾಯಿ ಬರುವುದಿಲ್ಲ ಮಾಮಿ" ಅಂದಿದ್ದೆ. "ನಾಲ್ಕು ಜನರಿಗೆ ಯಾರು ಹೇಳ್ಲಿಕ್ಕೆ ಹೇಳಿದ್ದು? ನಂಗೆ ಹೇಳು. ಅವರು ಬೇಕಾದ್ರೆ ಕೇಳ್ಲಿ" ಅಂದರು.

ಒಂದು ಶುಕ್ರವಾರ ಮಾಮಿ ಒಬ್ಬನನ್ನು ಕೈ ಹಿಡಿದು ಕರೆದುಕೊಂಡು ಬಂದರು. ಕರೆದುಕೊಂಡು ಬಂದರು ಅನ್ನುವುದಕ್ಕಿಂತ ಮಣಿಕಟ್ಟು ಹಿಡಿದು ಎಳೆದು ತಂದರು. ಭದ್ರಾವತಿ ಕಡೆಯವನು, ಶುಐಬಾದ ಕಾರ್ಮಿಕರ ಕ್ಯಾಂಪಿನಲ್ಲಿ ಎ.ಸಿ. ಮೆಕ್ಯಾನಿಕ್. ಕ್ಯಾಂಪಿನಲ್ಲಿ ಕದ್ದು ಕಾಯಿಸಿದ ಸಾರಾಯಿ ಕುಡಿದು ಫೋರ್‌ಮನ್ ಮೇಲೆ ಸ್ಪ್ಯಾನರ್ ಎತ್ತಿದವನು ಅಂತ ನಮ್ಮವರಿಗೆ ಅವನ ಸುದ್ದಿ ಮೊದಲೇ ಗೊತ್ತಿತ್ತು. ಗಾಯ ತೊಳೆಸಿಕೊಳ್ಳಲು ಕ್ಲಿನಿಕ್ಕಿಗೆ ಬಂದವನನ್ನು ಮಾಮಿ ಮಾತಾಡಿಸಿದ್ದರು. ಅವನು ಬಾಗಿಲಲ್ಲಿ ಚಪ್ಪಲಿ ಬಿಚ್ಚುವಾಗಲೇ ಅಕೌಂಟೆಂಟರ ಹೆಂಡತಿ ಮಗುವನ್ನು ಎತ್ತಿ ತೊಡೆ ಮೇಲೆ ಕೂರಿಸಿಕೊಂಡರು.

"ಇವ ಇಲ್ಲಿ ಕೂತ್ಕೊಳ್ತಾನೆ" ಅಂದರು ಮಾಮಿ. "ಯಾರಿಗಾದ್ರೂ ಹೆದರಿಕೆ ಆಗ್ತದೆ ಅಂತಾದ್ರೆ ನನ್ನ ಈಚೆ ಬದಿಗೆ ಬನ್ನಿ."

ಆ ದಿನ ಅವರು ಬೈಬಲ್ಲಿನ ಬಾರ್ನಬನ ಕತೆ ಹೇಳಿದರು, ತಮ್ಮ ಸಂಬಂಧಿಕರಲ್ಲಿ ಯಾರೋ ಒಬ್ಬರ ವಿಷಯ ಹೇಳುವ ಹಾಗೆ. ಪೌಲನನ್ನು ಕಂಡರೆ ಎಲ್ಲರಿಗೂ ಹೆದರಿಕೆ. ನಿನ್ನೆಯವರೆಗೆ ನಮ್ಮವರನ್ನು ಹಿಡಿದು ಜೈಲಿಗೆ ಹಾಕಿಸಿದವನು, ಇವತ್ತು ನಾನೂ ನಿಮ್ಮವನೇ ಅಂದರೆ ಯಾರು ನಂಬುತ್ತಾರೆ? ಆಗ ಈ ಬಾರ್ನಬ, ಅವನ ಹೆಸರಿಗೆ ಅರ್ಥವೇ ಧೈರ್ಯ ಹೇಳುವವನು ಅಂತ, ಪೌಲನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಅವನು ಹಾಗೆ ಮಾಡದಿದ್ದರೆ ಪೌಲ ಊರೂರು ಸುತ್ತುವುದೂ ಇಲ್ಲ, ಯೇಸುವಿನ ಸುವಾರ್ತೆ ಕಡಲು ದಾಟುವುದೂ ಇಲ್ಲ, ನಾವು ಇಲ್ಲಿ ಚಾಪೆ ಹಾಸಿ ಕೂರುವುದೂ ಇಲ್ಲ. "ಪೌಲನ ಹೆಸರಲ್ಲಿ ಎಷ್ಟು ಚರ್ಚು ಉಂಟು, ಲೆಕ್ಕ ಹಾಕಿ. ಬಾರ್ನಬನ ಹೆಸರಲ್ಲಿ ನಮ್ಮೂರಲ್ಲಿ ಒಂದು ಟೈಲರ್ ಅಂಗಡಿ ಉಂಟು" ಅಂದು ನಕ್ಕರು. ಎಲ್ಲರೂ ನಕ್ಕರು. ಮಗುವನ್ನು ತೊಡೆ ಮೇಲೆ ಇಟ್ಟುಕೊಂಡವರು ಮಾತ್ರ ನಗಲಿಲ್ಲ.

ಕೆಲವು ವಾರ ಅವನು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ. ಒಂದು ದಿನ ಮಾಮಿ ಅವನ ಎದುರು ಹೋಗಿ ಕೂತು, "ಹೇಳು ಮಾರಾಯ" ಅಂದರು.

"ಏನ್ ಹೇಳ್ಲಿ ಮಾಮಿ... ಮೊನ್ನೆ... ಛಾವಣಿ ಮೇಲಿದ್ದೆ."

"ಹೂಂ."

"ಬಿಸಿಲು."

"ಹೂಂ, ಬಿಸಿಲು. ಜೂನ್ ತಿಂಗಳಲ್ಲಿ ಮತ್ತೆಂತ ಇರ್ತದೆ? ಮುಂದೆ ಹೇಳು."

ಅವನಿಗೂ ನಗು ಬಂತು. ನಗು ಬಂದ ಮೇಲೆ ಮಾತು ಬಂತು. ಛಾವಣಿಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಏಳುವ ಬಿಸಿ, ಆಚೆ ಮೂಲೆಯಲ್ಲಿ ನೀರಿನ ಟ್ಯಾಂಕಿನ ನೆರಳು, ಆ ನೆರಳಲ್ಲಿ ಕೂತು ತಾನು ಯಾಕೆ ಹೀಗಾದೆ ಅಂತ ಅತ್ತದ್ದು. ಮಾಮಿಯ ಹೂಂ ಒಂದು ಮೆಟ್ಟಿಲು ಹಾಕುವುದು, ಅವನು ಅದರ ಮೇಲೆ ಕಾಲಿಡುವುದು, ಇನ್ನೊಂದು ಹೂಂ, ಇನ್ನೊಂದು ಮೆಟ್ಟಿಲು. ಮುಗಿಯುವಾಗ ಅಕೌಂಟೆಂಟರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನು ಅಷ್ಟು ಚೆನ್ನಾಗಿ ಮಾತಾಡಬಲ್ಲ ಅಂತ ಅವನಿಗೇ ಗೊತ್ತಿರಲಿಲ್ಲ...

ಅಲ್ಲಿಂದ ಅವನು ಬೆಳೆದ. ಕುಡಿಯುವುದು ಬಿಟ್ಟ, ಕ್ಯಾಂಪುಗಳಿಗೆ ಹೋಗಿ ಮಾತಾಡತೊಡಗಿದ, ಜನ ಅವನ ಹಿಂದೆ ಬಂದರು. ಮಾಮಿಯ ಹಾಲ್ ಸಾಲದಾಗಿ ಚಪ್ಪಲಿಗಳು ಮೆಟ್ಟಿಲವರೆಗೆ ಇಳಿದವು. ಆಗ ಕುವೈತ್ ಸಿಟಿಯ ಚರ್ಚ್ ಕಾಂಪೌಂಡಿನಲ್ಲಿ ನಮಗೂ ಶುಕ್ರವಾರ ಒಂದು ಹೊತ್ತಿನ ಹಾಲ್ ಸಿಕ್ಕಿತು. ಆ ಕಾಂಪೌಂಡಿನಲ್ಲಿ ಎಷ್ಟೋ ಭಾಷೆಯವರು ಸರದಿಯ ಮೇಲೆ ಕೂಡುತ್ತಾರೆ. ನಮಗಿಂತ ಮೊದಲು ತಮಿಳಿನವರು, ನಮ್ಮ ನಂತರ ಫಿಲಿಪ್ಪೀನ್ಸ್‌ನವರು ಗಿಟಾರು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ಈಗ ಅವನನ್ನು ಯಾರೂ ಮೆಕ್ಯಾನಿಕ್ ಅನ್ನುತ್ತಿರಲಿಲ್ಲ. ಎಲ್ಲರಿಗೂ ಅವನು ಬ್ರದರ್. ನಾನೂ ಬ್ರದರ್ ಎಂದೇ ಕರೆದೆ, ಬಹುವಚನದಲ್ಲೇ ಮಾತಾಡಿಸಿದೆ. ಇಲ್ಲಿ ಬರೆಯುವಾಗ ಮಾತ್ರ ಅದು ಕೈಗೆ ಬರುತ್ತಿಲ್ಲ.

ಹಾಲಿಗೆ ಮೈಕು ಬಂತು, ಮೈಕಿನ ಹಿಂದೆ ರೆಕಾರ್ಡಿಂಗ್ ಬಂತು. ಬ್ರದರ್‌ನ ಮಾತನ್ನು ಸಿ.ಡಿ. ಮಾಡಿ ಊರಿಗೆ ಕಳಿಸತೊಡಗಿದರು. ಮಾಮಿ ಮೊದಲಿನಂತೆ ಮುಂದಿನ ಸಾಲಿನಲ್ಲಿ ಕೂತು ಹೂಂ ಅನ್ನುತ್ತಿದ್ದರು. ಮೈಕಿಗೆ ಅದೂ ಕೇಳಿಸುತ್ತಿತ್ತು. ಒಂದು ಶುಕ್ರವಾರ ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ಬ್ರದರ್ ನಗುತ್ತಲೇ ಹೇಳಿದ: "ಭದ್ರಾವತಿಯಿಂದ ನಮ್ಮ ಚಿಕ್ಕಪ್ಪ ಫೋನ್ ಮಾಡಿದ್ರು. ಸಿ.ಡಿ. ಭಾಳ ಚೆನ್ನಾಗಿದೆಯಪ್ಪ, ಆದ್ರೆ ಹಿಂದೆ ಯಾರೋ ಹೆಂಗಸು ನರಳ್ತಿದ್ದಾರಲ್ಲ, ಕಾಯಿಲೆಯವರನ್ನ ಪಕ್ಕದಲ್ಲಿ ಕೂರಿಸ್ಕೊಂಡಿದ್ದೀರಾ ಅಂತ ಕೇಳಿದ್ರು!"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಮಾಮಿಯೂ ನಕ್ಕರು.

"ಮಾಮಿ, ನೀವು ತಪ್ಪು ತಿಳ್ಕೋಬಾರ್ದು" ಅಂದ ಬ್ರದರ್. "ಮುಂದಿನ ವಾರದಿಂದ ಸ್ವಲ್ಪ ಹಿಂದೆ ಕೂತ್ಕೊಳ್ತೀರಾ? ಮಕ್ಕಳ ಹತ್ರ. ಅಲ್ಲಿ ನಿಮ್ಮಂಥವರು ಬೇಕು."

"ಹಾಗೇ ಆಗ್ಲಿ ಮಾರಾಯ. ನಿಂಗೆ ಮಾತಾಡ್ಲಿಕ್ಕೆ ಬಂತಲ್ಲ, ಇನ್ನು ನನ್ನ ಹೂಂ ಎಂತಕ್ಕೆ?"

ಮುಂದಿನ ವಾರ ನೋಡುವಂತಿತ್ತು. ಬ್ರದರ್ ಎದ್ದು ನಿಂತ, ಎರಡು ವಾಕ್ಯ ಹೇಳಿದ, ನಿಂತ. ನೀರು ಕುಡಿದ. ಮತ್ತೆ ಒಂದು ವಾಕ್ಯ, ಮತ್ತೆ ಕೆಮ್ಮು. ಹೂಂ ಇಲ್ಲದೆ ಅವನ ಮಾತು ಮುಂದಕ್ಕೆ ಹೋಗದು! ಕಣ್ಣು ಮುಂದಿನ ಸಾಲಿನಲ್ಲಿ ಏನನ್ನೋ ಹುಡುಕುತ್ತಿತ್ತು. ನಾನು ಮಕ್ಕಳ ಪಾಠದವಳು, ಹಿಂದೆ ಮಾಮಿಯ ಪಕ್ಕದಲ್ಲೇ ಕೂತಿದ್ದೆ. ಮಾಮಿಯ ತುಟಿ ಅಲುಗುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ. ಪಾಪ ಅನಿಸಿತ್ತು ನನಗೆ, ಅವನ ಮೇಲೂ. ಈಗ ಒಬ್ಬ ಸಾಮಾನ್ಯ ಮನುಷ್ಯನಾದರೆ ಏನು ಮಾಡುತ್ತಾನೆ? 'ಮಾಮಿ, ಮುಂದೆ ಬನ್ನಿ' ಅನ್ನುತ್ತಾನೆ. ಬ್ರದರ್ ಹಾಗೆ ಮಾಡಲಿಲ್ಲ. ಅದರ ಮುಂದಿನ ವಾರ ನಾಲ್ಕು ಮಂದಿ ಗಟ್ಟಿ ಗಂಟಲಿನವರನ್ನು ಮುಂದೆ ಕೂರಿಸಿದ. ಅವನು ಕೈ ಎತ್ತಿದಾಗಲೆಲ್ಲ ಅವರು "ಆಮೆನ್!" ಅನ್ನಬೇಕು. ಕಿವಿ ಗಂಯ್ ಅನ್ನುತ್ತಿತ್ತು. ಸಿ.ಡಿ.ಯಲ್ಲಿ ಅದು ಬಹಳ ಚೆನ್ನಾಗಿ ಬಂತಂತೆ.

"ಹೇಗೂ ಅವನಿಗೆ ದಾರಿ ಸಿಕ್ಕಿತಲ್ಲ" ಅಂದರು ಮಾಮಿ, ವಾಪಸು ಬರುವಾಗ ಬಸ್ಸಿನಲ್ಲಿ. ನಮ್ಮವರು, "ಅಷ್ಟು ಜನ ಇರುವಲ್ಲಿ ಒಂದು ಶಿಸ್ತು ಬೇಕಾಗ್ತದೆ ಮಾಮಿ" ಅಂದರು. ಮಾಮಿ ಅದಕ್ಕೂ ಹೂಂ ಅಂದರು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುದುಕರನ್ನು ಹಿಂದೆ ಕೂರಿಸುವುದು ಎಲ್ಲ ಕಡೆಯೂ ಇರುವುದೇ. ಆದರೆ ಅಷ್ಟರಲ್ಲಿ ಮಾಮಿಗೆ ಇನ್ನೊಬ್ಬಳು ಸಿಕ್ಕಿದ್ದಳು.

ಕಾಂಪೌಂಡಿನ ಹಿಂಬದಿಯ ಗೋಡೆಯ ನೆರಳಲ್ಲಿ ಶುಕ್ರವಾರ ಕೆಲವು ಹೆಂಗಸರು ಕೂತಿರುತ್ತಿದ್ದರು. ಮನೆಗೆಲಸಕ್ಕೆ ಬಂದವರು, ಖದ್ದಾಮ ಅನ್ನುತ್ತಾರೆ ಇಲ್ಲಿ. ಕೋಲಾರ, ಚಿಂತಾಮಣಿ, ಆಂಧ್ರದ ಗಡಿ ಕಡೆಯವರು. ಯಜಮಾನನ ಮನೆಯ ಡ್ರೈವರು ತಂದು ಬಿಟ್ಟು ಸ್ವಲ್ಪ ಹೊತ್ತಿನಲ್ಲೇ ವಾಪಸು ಬಂದು ಹಾರ್ನ್ ಮಾಡುತ್ತಿದ್ದ. ಅಷ್ಟರೊಳಗೆ ಅವರ ಶುಕ್ರವಾರ ಮುಗಿಯಬೇಕು. ಬಿಡುವು ಸಿಗದವರು ಬರುವುದೇ ಇಲ್ಲ. ಹಾಲಿನೊಳಗೆ ಬರಬೇಡಿ ಅಂತ ಯಾರೂ ಅಂದದ್ದಿಲ್ಲ, ಬನ್ನಿ ಅಂದದ್ದೂ ಇಲ್ಲ. ನಮ್ಮ ಸೀರೆ, ನಮ್ಮ ಮಕ್ಕಳ ಇಂಗ್ಲಿಷು ನೋಡಿ ಅವರೇ ಗೋಡೆಯ ಹತ್ತಿರ ನಿಂತುಬಿಡುತ್ತಿದ್ದರು.

ಅವರಲ್ಲಿ ಕೋಲಾರ ಕಡೆಯ ಒಬ್ಬಳಿದ್ದಳು. ಮೂವತ್ತು ದಾಟಿರಬಹುದು. ಮಾಮಿ ಮಕ್ಕಳ ಜೊತೆ ಹಿಂದೆ ಕೂರಲು ಹೋದ ಮೇಲೆ ಕಿಟಕಿಯಿಂದ ಇವಳು ಕಂಡದ್ದು. ಹೋಗಿ ಮಾತಾಡಿಸಿದರಂತೆ. ಅವಳು ತಲೆ ಆಡಿಸುತ್ತಿದ್ದಳು, ಅಷ್ಟೇ. ಆಮೇಲೆ ಒಂದು ದಿನ ಹೇಳಿದಳು: "ಅಕ್ಕ, ಆ ಮನೇಲಿ ನಾನು ಬಾಯಿ ತೆಗೆಯೋದೇ ಇಲ್ಲ. ಅವರು ಯಲ್ಲಾ ಅಂದ್ರೆ ಹೋಗ್ತೀನಿ, ಖಲಾಸ್ ಅಂದ್ರೆ ನಿಲ್ಲಿಸ್ತೀನಿ. ವಾರ ಎಲ್ಲಾ ಅಷ್ಟೇಯ. ಇವತ್ತು ನಿಮ್ಮ ಹತ್ರ ಮಾತಾಡೋವಾಗ ನನ್ನ ದನಿ ನಂಗೇ ಹೊಸದಾಗೈತೆ."

ಕಾಂಪೌಂಡಿನ ಅಡುಗೆಕೋಣೆಯಲ್ಲಿ ಚಹಾದ ಲೋಟ ತೊಳೆಯುವಾಗ ಮಾಮಿ ಅವಳಿಂದ ಮಾತು ಹೊರಡಿಸತೊಡಗಿದರು. ನಾನು ಲೋಟ ಒರೆಸಿಡುತ್ತಾ ಕೇಳಿದ್ದೇನೆ. ಅವಳು ಬ್ರದರ್‌ನ ಹಾಗೆ ಅಳಿಸುತ್ತಿರಲಿಲ್ಲ. ಬಟ್ಟೆ ಇಸ್ತ್ರಿ ಮಾಡುವಾಗ ಒಂದೊಂದು ಅಂಗಿಗೆ ಒಂದೊಂದು ಹೆಸರು ಇಟ್ಟು ಪ್ರಾರ್ಥನೆ ಮಾಡುತ್ತೇನೆ ಅನ್ನುತ್ತಿದ್ದಳು. "ದೊಡ್ಡ ಅಂಗಿ ಆ ಮನೆ ಯಜಮಾನಂದು, ಅದುಕ್ಕೂ ಮಾಡ್ತೀನಿ, ಏನ್ ಮಾಡೋದು, ಸುಕ್ಕು ಜಾಸ್ತಿ" ಅಂದು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮಾಮಿಯ ಹೂಂ ಪಾತ್ರೆಯ ಸದ್ದಿನ ನಡುವೆಯೂ ನಿಲ್ಲುತ್ತಿರಲಿಲ್ಲ. ಗೋಡೆಯ ಹತ್ತಿರದ ಬೇರೆ ಹೆಂಗಸರು ಬಾಗಿಲಿಗೆ ಬಂದು ನಿಂತು ಇವಳ ಮಾತು ಕೇಳುತ್ತಿದ್ದರು. ಒಬ್ಬಳಂತೂ ಹೊರಗೆ ಹಾರ್ನ್ ಆದರೂ ಅಲ್ಲಾಡಲಿಲ್ಲ.

"ನೋಡಿದಿಯಾ" ಅಂದರು ಮಾಮಿ ನನ್ನ ಹತ್ತಿರ. "ನಾವು ನೂರು ಹೇಳಿದ್ರೂ ಅವರಿಗೆ ಮುಟ್ಟುವುದಿಲ್ಲ. ಇವಳು ಒಂದು ಹೇಳಿದ್ರೆ ಸಾಕು. ಆ ಹಿಂದಿನ ಕೋಣೆ ಖಾಲಿ ಬಿದ್ದಿದೆಯಲ್ಲ, ಅದನ್ನ ಶುಕ್ರವಾರ ಇವರಿಗೆ ಕೊಡ್ಲಿ. ಇವಳೇ ನಡೆಸ್ತಾಳೆ."

ಹಾಲಿನ ಹಿಂದೆ ನಮ್ಮ ಪಾಲಿಗೆ ಬಂದ ಒಂದು ಸಣ್ಣ ಕೋಣೆಯಿತ್ತು. ಮುರಿದ ಕುರ್ಚಿ, ಕ್ರಿಸ್ಮಸ್‌ನ ನಕ್ಷತ್ರ ತುಂಬಿಟ್ಟಿದ್ದ ಕೋಣೆ. ಮಾಮಿ ಜೀವನದಲ್ಲಿ ಕೂಟ ನಡೆಸುವವರ ಹತ್ತಿರ ಏನಾದರೂ ಕೇಳಿದ್ದಿದ್ದರೆ ಅದೊಂದೇ. ಬ್ರದರ್ ಯೋಚಿಸಿ, "ಆಗ್ಲಿ ಮಾಮಿ, ಆದ್ರೆ ಮೊದಲು ಆ ಸಿಸ್ಟರ್ ದೇವರು ತಮಗೇನು ಮಾಡಿದ ಅಂತ ಸಭೆಯ ಮುಂದೆ ಒಂದ್ಸಲ ಸಾಕ್ಷಿ ಹೇಳ್ಲಿ. ಜನ ಒಪ್ಪಿದ್ರೆ ಕೋಣೆ ಕೊಡೋಣ" ಅಂದ. ನ್ಯಾಯವಾದ ಮಾತೇ. ಅವನ ಎಲ್ಲ ಮಾತೂ ನ್ಯಾಯವಾಗಿಯೇ ಇರುತ್ತಿದ್ದವು.

ವಾರ್ಷಿಕೋತ್ಸವದ ದಿನ ಅವಳಿಗೆ ಐದು ನಿಮಿಷ ಕೊಟ್ಟರು. ಹಾಲ್ ತುಂಬಿತ್ತು. ಊರಿನಿಂದ ಅತಿಥಿಯೊಬ್ಬರು ಬಂದಿದ್ದರು. ವಿಡಿಯೋದವನು ಬೇರೆ. ಗೋಡೆಯ ಹತ್ತಿರದ ಹೆಂಗಸರು ಅವತ್ತು ಮೊದಲ ಸಲ ಬಾಗಿಲು ದಾಟಿ ಒಳಗೆ ಬಂದು ಹಿಂದೆ ನಿಂತಿದ್ದರು. ಮಾಮಿ ಬೆಳಿಗ್ಗೆಯೇ ಬ್ರದರ್‌ನನ್ನು ಕೇಳಿದ್ದರು, "ಇವತ್ತೊಂದು ದಿನ ನಾನು ಮುಂದೆ ಕೂರ್ತೇನೆ, ಅವಳು ಇಳಿದ ಕೂಡ್ಲೇ ಹಿಂದೆ ಬರ್ತೇನೆ" ಅಂತ. "ಮುಂದೆಲ್ಲಾ ಅತಿಥಿಗಳಿಗೆ ಇಟ್ಟಾಗಿದೆ ಮಾಮಿ" ಅಂದಿದ್ದ.

ಅವಳು ಮೈಕಿನ ಮುಂದೆ ಬಂದು ನಿಂತಳು. ಯಾರದೋ ಹತ್ತಿರ ಬೇಡಿ ಉಟ್ಟ ಸೀರೆ, ಅದರ ಮೇಲೆ ಪಿನ್ನು. "ಎಲ್ಲಾರಿಗೂ ವಂದನೆ" ಅಂದಳು. ತನ್ನ ದನಿ ನಾಲ್ಕೂ ಗೋಡೆಯಿಂದ ವಾಪಸು ಬಂದದ್ದು ಕೇಳಿ ಬೆಚ್ಚಿದಳು.

"ನಾನು ಬಟ್ಟೆ ಇಸ್ತ್ರಿ ಮಾಡೋವಾಗ..."

ಮುಂದಿನ ಸಾಲು ಸುಮ್ಮನಿತ್ತು. ಗಟ್ಟಿ ಗಂಟಲಿನ ನಾಲ್ವರು ಬ್ರದರ್‌ನ ಕೈ ನೋಡುತ್ತಿದ್ದರು, ಕೈ ಏಳಲಿಲ್ಲ. ಅವಳು ಅವರ ಮುಖ ನೋಡಿದಳು, ಅತಿಥಿಯ ಮುಖ ನೋಡಿದಳು. ಆಮೇಲೆ ತಲೆಗಳ ಮೇಲಿಂದ ಹಿಂದಕ್ಕೆ ನೋಡತೊಡಗಿದಳು...

"ಹೂಂ" ಅಂದರು ಮಾಮಿ. ಹಾಲಿನ ಆ ತುದಿಗೆ ಕೇಳಬೇಕಲ್ಲ, ಹಾಗಾಗಿ ಗಟ್ಟಿಯಾಗಿ. ಸಭೆಯಲ್ಲಿ ಎಷ್ಟೋ ತಿಂಗಳ ಮೇಲೆ ಬಂದ ಹೂಂ, ಒರಟಾಗಿ ಹೊರಟಿತು. ಯಾರೋ ಕಿಸಕ್ಕನೆ ನಕ್ಕರು. ನಾನೂ ಹೂಂ ಅಂದೆ. ನಮ್ಮ ಎದುರಿನ ಬೆಂಚಿನಿಂದ ನಮ್ಮವರು ತಿರುಗಿ ನೋಡಿದರು. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಯಿತು. ನನ್ನ ಮಗಳು ನಾಚಿಕೆಯಿಂದ, "ಮಮ್ಮಿ, ಪ್ಲೀಸ್ ಸ್ಟಾಪ್ ಇಟ್!" ಅಂದಳು. ಸೌಂಡಿನವನು ಓಡಿ ಬಂದು ಮಾಮಿಯ ಮುಂದೆ ತುಟಿಯ ಮೇಲೆ ಬೆರಳಿಟ್ಟು ನಿಂತ. ಅಷ್ಟರಲ್ಲಿ ಬ್ರದರ್ ಇನ್ನೊಂದು ಮೈಕು ಎತ್ತಿಕೊಂಡು, ನಗುಮುಖದಲ್ಲೇ, ಬಹಳ ಮರ್ಯಾದೆಯಿಂದ ಹೇಳಿದ: "ದಯವಿಟ್ಟು ಹಿಂದಿನವರು ಮೌನವಾಗಿರಬೇಕು. ರೆಕಾರ್ಡಿಂಗ್ ನಡೀತಿದೆ."

ಅವಳ ಬಾಯಿ ತೆರೆದೇ ಇತ್ತು. ಒಂದು ಸಲ ಮಾಮಿಯ ಕಡೆ ನೋಡಿದಳು. ಮೈಕಿಗೆ ಕೈ ಮುಗಿದಳು, ಜನರಿಗಲ್ಲ, ಮೈಕಿಗೆ. ಇಳಿದು, ನಡುವಿನ ದಾರಿಯಲ್ಲಿ ತಲೆ ಬಗ್ಗಿಸಿ ನಡೆದು, ನಮ್ಮನ್ನು ದಾಟಿ ಬಾಗಿಲಾಚೆ ಹೋದಳು. ಹಿಂದೆ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಅವಳ ಹಿಂದೆಯೇ ಹೋದರು. ಬ್ರದರ್ ಕೈ ಎತ್ತಿದ. "ಆಮೆನ್!"

ಮಾಮಿ ಹೊರಗೆ ಓಡಿದರು. ಮೊಣಕಾಲು ನೋವಿನವರು ಅಷ್ಟು ಬೇಗ ಹೋದದ್ದನ್ನು ನಾನು ಕಂಡದ್ದಿಲ್ಲ. ಹೋಗುವಷ್ಟರಲ್ಲಿ ಡ್ರೈವರು ಬಂದು ಕರೆದುಕೊಂಡು ಹೋಗಿಯಾಗಿತ್ತು. ಅವಳ ಮನೆ ಎಲ್ಲಿ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಹ್ಮದಿಗೆ ಹೋಗುವ ದಾರಿಯಲ್ಲಿ ಎಲ್ಲೋ, ದೊಡ್ಡ ಗೇಟಿನ ಮನೆ ಅಂತ ಅಷ್ಟೇ. ದೊಡ್ಡ ಗೇಟಿಲ್ಲದ ಮನೆ ಆ ದಾರಿಯಲ್ಲಿ ಯಾವುದಿದೆ? ಮುಂದಿನ ಶುಕ್ರವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಜೊತೆಯವರನ್ನು ಕೇಳಿದರೆ, "ಡ್ರೈವರುಗಳ ಕೈಲಿ ಸುದ್ದಿ ಬಂತು, ಅವಳಾಗೇ ಬ್ಯಾಡ ಅಂದವಳೆ" ಅಂದರು.

ಮಾಮಿ ಬ್ರದರ್‌ನ ಹತ್ತಿರ ಹೋದರು. ನಾನೂ ಜೊತೆಗಿದ್ದೆ.

"ನೀನು ಒಂದು ಮಾತು ಹೇಳು" ಅಂದರು. "ಸಭೆಯಲ್ಲಿ ಹೇಳು, ಅವಳು ಇನ್ನೊಮ್ಮೆ ಬರ್ಲಿ ಅಂತ. ಜೊತೆಯವರು ಸುದ್ದಿ ಮುಟ್ಟಿಸ್ತಾರೆ. ನೀನು ಹೇಳಿದ್ರೆ ಬರ್ತಾಳೆ."

"ಮಾಮಿ, ಅವರಿಗೆ ಇನ್ನೂ ಟೈಮ್ ಬೇಕು. ನೀವೇ ನೋಡಿದ್ರಲ್ಲ. ನೀವು ಅವಸರ ಮಾಡಿದ್ರಿ."

"ನಿಂಗೆ ಎಷ್ಟು ಟೈಮ್ ಬೇಕಾಗಿತ್ತು ಅಂತ ನೆನಪುಂಟಾ?"

ಬ್ರದರ್ ಕೈಯಲ್ಲಿದ್ದ ಬೈಬಲ್ ಮುಚ್ಚಿ ಮಾಮಿಯ ಮುಖ ನೋಡಿದ. ನನಗೆ ಆಸೆಯಾಯಿತು. ಆಮೇಲೆ ಅವನು, "ನಂದು ಕರೆ ಮಾಮಿ. ದೇವರು ಕರೆದದ್ದು. ಅದು ಎಲ್ಲರಿಗೂ ಇರಲ್ಲ" ಅಂದ.

ಮಾಮಿ ಜಗಳವಾಡಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಅದಕ್ಕೇ, ಬ್ರದರ್‌ನ ಮೇಲಿರುವಷ್ಟೇ ಸಿಟ್ಟು ಅವರ ಆ ಒಳ್ಳೆಯತನದ ಮೇಲೂ ಇದೆ. ಪೌಲನೂ ಬಾರ್ನಬನೂ ಕೊನೆಗೆ ಒಬ್ಬ ಹುಡುಗನ ವಿಷಯಕ್ಕೆ ಜೋರಾಗಿ ಜಗಳವಾಡಿಯೇ ಬೇರೆಯಾದರು. ನಡುವೆ ಬಿಟ್ಟು ಹೋದವನನ್ನು ಇನ್ನೊಮ್ಮೆ ಕರೆದುಕೊಳ್ಳೋಣ ಅಂದವನು ಬಾರ್ನಬ, ಬೇಡ ಅಂದವನು ಪೌಲ. ಬಾರ್ನಬ ಆ ಹುಡುಗನನ್ನು ಕರೆದುಕೊಂಡು ಹಡಗು ಹತ್ತಿದ. ಅವನಿಗೆ ಜೊತೆಗೆ ಕರೆದುಕೊಂಡು ಹೋಗಲು ಒಬ್ಬನಾದರೂ ಇದ್ದ! ಮಾಮಿಯ ಜೊತೆಗೆ ಅವಳು ಮತ್ತೆ ಬರಲೇ ಇಲ್ಲವಲ್ಲ... ಹಾಲಿನೊಳಗೆ ಬರುವುದನ್ನು ನಿಲ್ಲಿಸಿ ಶುಕ್ರವಾರ ಆ ಗೋಡೆಯ ಹತ್ತಿರ ಕೂರತೊಡಗಿದರು. ಬಂದ ಹೆಂಗಸರ ಕಾಲುನೋವು, ಹೊಟ್ಟೆನೋವು ಕೇಳುತ್ತಾ, ಮಾತ್ರೆ ಹೇಳುತ್ತಾ, ಕಣ್ಣು ಮಾತ್ರ ಗೇಟಿನ ಕಡೆಗೆ. ಹಿಂದಿನ ಕೋಣೆಯನ್ನು ಬ್ರದರ್ ಕಡೆಯವರು ಖಾಲಿ ಮಾಡಿ, ಗೋಡೆಗೆ ಸ್ಪಂಜು ಬಡಿದು, ರೆಕಾರ್ಡಿಂಗ್ ಸಾಮಾನು ಇಡಲು ತೆಗೆದುಕೊಂಡರು.

ಒಂದು ಸಂಜೆ ಮಾಮಿ ನಮ್ಮ ಮನೆಗೆ ಇಳಿದು ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ನಾನು ಹಿಟ್ಟು ಕಲಸುತ್ತಿದ್ದೆ.

"ಇವತ್ತು ಅವಳು ಕ್ಲಿನಿಕ್ಕಿಗೆ ಬಂದಿದ್ಳು" ಅಂದರು. "ಮಗುವಿಗೆ ಇಂಜೆಕ್ಷನ್. ಅವಳ ಮೇಡಮ್ಮಿನ ಮಗು."

"ಏನು ಹೇಳಿದಳು?"

"ಎಂತ ಹೇಳುವುದು. ನನ್ನ ಗುರ್ತ ಸಿಕ್ಕಿತು ಅವಳಿಗೆ. ಹೇಗಿದ್ದಿ ಅಂತ ಕೇಳಿದೆ, ತಲೆ ಆಡಿಸಿದ್ಳು. ಊಟ ಆಯ್ತಾ ಕೇಳಿದೆ, ತಲೆ ಆಡಿಸಿದ್ಳು. ಆಮೇಲೆ ಬಗ್ಗಿ ಮಗುವಿನ ಬೂಟಿನ ಲೇಸು ಕಟ್ಲಿಕ್ಕೆ ಶುರು ಮಾಡಿದ್ಳು. ಹೆಸ್ರು ಕರೆಯುವವರೆಗೂ ಕಟ್ಟಿದ್ದನ್ನೇ ಬಿಚ್ಚುವುದು, ಕಟ್ಟುವುದು. ಬಾಯಿ ತೆರೀಲಿಲ್ಲ ಮಾರಾಯ್ತಿ." ಆಮೇಲೆ, "ನಾನೇ ಅವಳ ಬಾಯಿ ತೆರೆಸಿದ್ದು. ತೆರೆಸ್ಬಾರ್ದಿತ್ತೋ ಏನೋ" ಅಂದರು.

ನಾನು ಹೂಂ ಅಂದೆ. ಮಾಮಿ ನನ್ನನ್ನು ನೋಡಿದರು. ಮುಂದೆ ಹೇಳಲಿಲ್ಲ. ಎದ್ದು ಮೇಲೆ ಹೋದರು.

ಅದಾದ ಮೇಲೆ ಹೆಚ್ಚು ಕಾಲ ಅವರು ಇಲ್ಲಿರಲಿಲ್ಲ. ಕೆಲಸದಿಂದ ನಿವೃತ್ತಿಯಾಯಿತು, ಇಲ್ಲಿ ಇರಲು ಕೊಡುವ ಇಕಾಮಾ ಪರವಾನಗಿ ರದ್ದಾಯಿತು, ತಂಗಿಯ ಮನೆಗೆಂದು ಊರಿಗೆ ಹೊರಟರು. ನಮ್ಮ ಕೂಟದಲ್ಲಿ ಬಿಟ್ಟು ಹೋಗುವವರಿಗೆ ಶಾಲು ಹೊದಿಸಿ, ಒಬ್ಬೊಬ್ಬರಾಗಿ ಎದ್ದು ಅವರ ಬಗ್ಗೆ ಎರಡು ಮಾತಾಡುವ ಪದ್ಧತಿ ಇತ್ತು. ಮಾಮಿ ಹೋಗುವ ವಾರ ಬ್ರದರ್ ದ್ರಾಕ್ಷಿ ತೋಟ, ಕೆಲಸಗಾರರು ಅಂತ ಒಂದು ದೊಡ್ಡ ಉಪದೇಶ ಕೊಟ್ಟ. ಕೊನೆಯಲ್ಲಿ ಸೂಚನೆಗಳ ಜೊತೆ, ಕಾರು ಪಾರ್ಕಿಂಗ್ ವಿಷಯವಾದ ಮೇಲೆ, ನಮ್ಮ ಹಿರಿಯ ಸಿಸ್ಟರ್ ಒಬ್ಬರು ಊರಿಗೆ ಹೋಗುತ್ತಿದ್ದಾರೆ, ಪ್ರಾರ್ಥಿಸಿ ಅಂದ. ಮಾಮಿ ಆಗ ಹೊರಗೆ ಗೋಡೆಯ ಹತ್ತಿರ ಇದ್ದರು.

ಊರಿನಿಂದ ಫೋನ್ ಮಾಡುತ್ತಿದ್ದರು. ಮಕ್ಕಳ ಓದು, ನಮ್ಮವರ ಸಕ್ಕರೆ ಕಾಯಿಲೆ, ಎಲ್ಲ ಕೇಳಿದ ಮೇಲೆ ಕೊನೆಗೊಂದು ಪ್ರಶ್ನೆ ಇದ್ದೇ ಇರುತ್ತಿತ್ತು: "ಅವಳ ಸುದ್ದಿ ಏನಾದ್ರೂ ಸಿಕ್ಕಿತಾ?" ಬ್ರದರ್‌ನ ಸುದ್ದಿ ಒಮ್ಮೆಯೂ ಕೇಳಲಿಲ್ಲ. ಅವನ ಸುದ್ದಿ ಕೇಳಬೇಕಾಗಿಯೂ ಇರಲಿಲ್ಲ, ಎಲ್ಲರ ಫೋನಿನಲ್ಲೂ ಅವನೇ. ನಾನು ಪ್ರತಿ ಸಲ ಇಲ್ಲ ಮಾಮಿ ಅನ್ನುತ್ತಿದ್ದೆ. ಆ ಕಡೆಯಿಂದ ಹೂಂ ಬರುತ್ತಿತ್ತು, ಬಹಳ ಸಣ್ಣದು.

ಮಾಮಿ ತೀರಿಕೊಂಡಾಗ ನನಗೆ ಹೋಗಲಾಗಲಿಲ್ಲ. ಅವರ ತಂಗಿಯ ಮಗಳು ಮಣ್ಣಿನ ದಿನದ ವಿಡಿಯೋ ಕಳಿಸಿದಳು. ಬ್ರದರ್ ಆ ವಾರ ಊರಲ್ಲೇ ಯಾವುದೋ ಸಮಾವೇಶಕ್ಕೆ ಬಂದಿದ್ದವನು ಅಲ್ಲಿಗೂ ಬಂದಿದ್ದ. ಬಾರ್ನಬನ ಮೇಲೆ ಮಾತಾಡಿದ. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿ ಮಾತಾಡಿದ. ಧೈರ್ಯ ತುಂಬುವವರಿಲ್ಲದೆ ಸುವಾರ್ತೆಯ ಕೆಲಸ ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ ಅಂದ. ತನ್ನನ್ನು ಕೂಡ ಹಾಗೆ ಕೈ ಹಿಡಿದವರು ಇವರು ಅಂತ ಅಳುತ್ತಾ ಹೇಳಿದ, ಆ ಅಳು ನಿಜದ್ದೇ ಇರಬೇಕು. ಎಲ್ಲ ಗೊತ್ತಿತ್ತು ಅವನಿಗೆ. ಏನೂ ಮರೆತಿರಲಿಲ್ಲ. ನಾನು ಇಷ್ಟು ವರ್ಷ ಅವನು ಮರೆತಿದ್ದಾನೆ ಅಂದುಕೊಂಡಿದ್ದೆ, ಮರೆತವನನ್ನಾದರೂ ಕ್ಷಮಿಸಬಹುದಿತ್ತು.

ಈಗಲೂ ಶುಕ್ರವಾರ ನಮ್ಮವರ ಕಾರಿನಲ್ಲಿ ಸಿಟಿಗೆ ಹೋಗುವಾಗ ಆ ದೊಡ್ಡ ಗೇಟಿನ ಮನೆಗಳ ಮುಂದೆ ಹೆಂಗಸರು ಪೈಪು ಹಿಡಿದು ಅಂಗಳ ತೊಳೆಯುತ್ತಿರುತ್ತಾರೆ. ಮೊದಲೆಲ್ಲ ಗಾಜು ಇಳಿಸಿ ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಅವಳು ಊರಿಗೆ ಹೋಗಿರಬಹುದು, ಬೇರೆ ದೇಶಕ್ಕೆ ಹೋಗಿರಬಹುದು, ಅದೇ ಮನೆಯಲ್ಲೇ ಇರಬಹುದು, ಬಾಯಿ ತೆರೆಯದೆ. ಈಚೆಗೆ ಗಾಜು ಇಳಿಸುವುದಿಲ್ಲ. ಅವಳು ಸಿಕ್ಕಳು ಅಂತಲೇ ಇಟ್ಟುಕೊಳ್ಳಿ, ಫೋನ್ ಮಾಡಿ ಹೇಳುವುದು ಯಾರಿಗೆ?